ಲೂಪೆಯಮ್ಮನ ಬಟ್ಟಲು

ಸೂಟ್‌ಕೇಸ್‌ನಲ್ಲಿ ಕಳ್ಳಮಾಲು ಸಿಕ್ಕಿದ್ದು ಕಳೆದ ಸೋಮವಾರ. ಹಿಡಿದದ್ದು ಕಸ್ಟಮ್ಸ್‌ನವರಲ್ಲ, ನಮ್ಮಕ್ಕ.

ಮೆಕ್ಸಿಕೋದಿಂದ ರಜೆಗೆ ಬಂದಾಗಿನಿಂದ ನಾನು ತಾವರೆಕೆರೆಯಲ್ಲಿ ಅಕ್ಕನ ಮನೆಯಲ್ಲೇ ಇದ್ದೇನೆ. ಒಗೆಯುವ ಬಟ್ಟೆ ಹುಡುಕಲು ಹೋಗಿ ಅಕ್ಕ ನನ್ನ ಸೂಟ್‌ಕೇಸಿಗೆ ಕೈ ಹಾಕಿದಳು. ಎರಡು ಸ್ವೆಟರ್‌ಗಳ ನಡುವೆ, ಎಳೆಗೂಸನ್ನು ಸುತ್ತಿದ ಹಾಗೆ ಸುತ್ತಿಟ್ಟಿದ್ದ ಒಂದು ಮಣ್ಣಿನ ಬಟ್ಟಲು. ಒಳಗೆಲ್ಲ ನೀಲಿ ಹೂವಿನ ಚಿತ್ತಾರ. ಅಂಚಿನಲ್ಲಿ ಚೂರು ಮುಕ್ಕು.

“ಲೇ, ಇದ್ಯಾರ್ದೇ?”

“ಅಲ್ಲಿ ಪಕ್ಕದ್ಮನೆ ಅಮ್ಮಂದು.”

“ಇಟ್ಕೋ ಅಂತ ಕೊಟ್ಳಾ?”

“ಇಲ್ಲ ಕಣಕ್ಕ. ವಾಪಸ್ ಕೊಡಕ್ಕಾಗ್ಲಿಲ್ಲ.”

“ಅಂಗಂದ್ರೆ? ಕದ್ಕೊಂಡ್ ಬಂದ್ಬುಟ್ಯಾ?”

ಮಧುಗಿರಿಯ ಹೈಸ್ಕೂಲಿನಲ್ಲಿ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿಯುತ್ತಲೇ ಅರ್ಧ ಆಯಸ್ಸು ಕಳೆದ ನನ್ನಂಥ ಟೀಚರಮ್ಮನಿಗೆ ಕೇಳುವ ಪ್ರಶ್ನೆಯೇ ಇದು?

ಈ ಅಂಕಣ ಓದುವ ನಿಮಗೆ ಗೊತ್ತಿರುವ ಕಥೆಯೇ. ಅವ್ವ ತೀರಿಕೊಂಡ ಮೇಲೆ ಶಿರಾದ ಮನೆಗೆ ಬೀಗ ಹಾಕಿ, ಕನ್ನಡ ಮೀಡಿಯಂನಲ್ಲಿ ಕಲಿತ ಇಂಗ್ಲಿಷನ್ನು ಮೆಕ್ಸಿಕೋದ ಮಕ್ಕಳಿಗೆ ಹೇಳಿಕೊಡುತ್ತೇನೆಂದು ಒಬ್ಬಳೇ ಹೊರಟವಳು ನಾನು. ಊರಿನ ಹೆಸರು ಕೆರೆತಾರೊ. (ಹೆಸರಿನಲ್ಲಿ ಕೆರೆ ಇದೆ ಎಂಬ ಒಂದೇ ಕಾರಣಕ್ಕೆ ಅಕ್ಕ ಒಪ್ಪಿದ್ದು.) ನನ್ನ ಧೈರ್ಯವನ್ನು ಹೊಗಳಿ ಬರೆದವರಿಗೆ ಒಂದು ಮಾತು. ಅಲ್ಲಿಂದ ಫೋನ್ ಮಾಡಿ, ಶಿರಾದ ಪಕ್ಕದ ಮನೆಯ ಟೈಲರ್ ಮುಮ್ತಾಜ್‌ಗೆ “ನಮ್ಮನೆ ಬೀಗ ಒಂದ್ಸಲ ಎಳೆದು ನೋಡು” ಎಂದು ಗೋಗರೆಯುತ್ತಿದ್ದವಳೂ ನಾನೇ. “ಟೀಚರ್, ಕಳ್ಳ ಬರೋದೇ ಬ್ಯಾಡ, ಎಳ್ದು ಎಳ್ದು ನಾನೇ ಕಿತ್ತಾಕ್ತೀನಿ ಬುಡಿ” ಎಂದು ಅವಳು ಬೈದಿದ್ದಳು.

ಇಂಥ ಪುಕ್ಕಲಿಗೆ ಆ ಊರಲ್ಲಿ ದಿಕ್ಕಾದವಳು ಪಕ್ಕದ ಮನೆಯ ಲೂಪೆ. ಊರಿನವರು ಅವಳನ್ನು ಗೌರವದಿಂದ ‘ದೋನ್ಯಾ ಲೂಪೆ’ ಎನ್ನುತ್ತಾರೆ. ನನ್ನ ಬಾಯಲ್ಲಿ ಲೂಪೆಯಮ್ಮ ಆದಳು. ಅವಳಿಗೆ ಇಂಗ್ಲಿಷ್ ಬಾರದು, ನನ್ನ ಸ್ಪ್ಯಾನಿಶ್ ಕೇಳಿದರೆ ಅಲ್ಲಿನ ನಾಯಿಗಳೂ ಕಿವಿ ಮುಚ್ಚಿಕೊಳ್ಳುತ್ತವೆ. ಹಾಗಿದ್ದರೂ ನಮ್ಮ ಮಾತು ನಡೆಯುತ್ತಿತ್ತು. ಹೇಗೆ? ಪಾತ್ರೆಗಳ ಮೂಲಕ.

ಮೊದಲ ವಾರವೇ ಅವಳೊಂದು ಬಟ್ಟಲಲ್ಲಿ ಸಾರು ತಂದುಕೊಟ್ಟಳು. ನಮ್ಮ ಕಡೆ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದುಂಟೇ? ತೊಳೆದು, ಒರೆಸಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಾನು ಚಿತ್ರಾನ್ನ ಹಾಕಿ, ಮೇಲೆ ನನ್ನದೊಂದು ತಟ್ಟೆ ಮುಚ್ಚಿ ಕೊಟ್ಟೆ. ಮಾರನೆಯ ದಿನ ನನ್ನ ತಟ್ಟೆ ವಾಪಸು ಬಂತು. ಅದರಲ್ಲಿ ನಾಲ್ಕು ನಿಂಬೆಹಣ್ಣು! ಅವಳ ಊರಲ್ಲೂ ಅದೇ ಪದ್ಧತಿಯಂತೆ. ಮುಗಿಯಿತು. ಇಬ್ಬರಲ್ಲಿ ಯಾರೂ ನಿಲ್ಲಿಸುವಂತಿಲ್ಲ. ಪಾತ್ರೆಗಳು ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡಿದವು. ಬಾಗಿಲಲ್ಲಿ ನಿಂತು ನಾನು ಕನ್ನಡದಲ್ಲಿ, ಅವಳು ಸ್ಪ್ಯಾನಿಶ್‌ನಲ್ಲಿ, ಅವಳ ಮಂಡಿ ನೋವಿನಿಂದ ಹಿಡಿದು ಸೊಸೆಯವರೆಗೆ ಮಾತಾಡಿದೆವು.

ರಜೆಗೆ ಹೊರಟ ದಿನ ಬೆಳಗ್ಗೆ ಅವಳು ಈ ನೀಲಿ ಹೂವಿನ ಬಟ್ಟಲಲ್ಲಿ ಅನ್ನದ ಪಾಯಸ ತಂದಳು. ಹಾಲು, ಸಕ್ಕರೆ, ಮೇಲೆ ಚಕ್ಕೆಪುಡಿ. ಸೂಟ್‌ಕೇಸಿನ ಪಕ್ಕ ನಿಂತೇ ತಿಂದೆ, ತೊಳೆದೆ. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ಒಂದು ಕಾಳಿಲ್ಲ! (ರಜೆಯಲ್ಲಿ ಇರುವೆ ಬಂದಾವೆಂಬ ಭಯಕ್ಕೆ ಹಿಂದಿನ ದಿನವೇ ಎಲ್ಲ ಡಬ್ಬಿ ಬರಿದು ಮಾಡಿದ್ದೆ.) ಹೊರಗೆ ಟ್ಯಾಕ್ಸಿಯವನ ಹಾರನ್. ಬರಿ ಬಟ್ಟಲನ್ನು ಅವಳ ಕೈಗೆ ಹೇಗೆ ಕೊಡಲಿ? ಕೈ ಬರಲಿಲ್ಲ. ಗಾಬರಿಯಲ್ಲಿ ಸ್ವೆಟರ್ ಸುತ್ತಿ ಸೂಟ್‌ಕೇಸಿಗೆ ತುರುಕಿದೆ. ಪ್ರಪಂಚದ ಆ ತುದಿಯಿಂದ ಈ ತುದಿಗೆ ಇನ್ನೊಬ್ಬರ ಬಟ್ಟಲು ಹೊತ್ತು ತಂದೆ. ಮರ್ಯಾದೆ ಉಳಿಸಿಕೊಳ್ಳಲು ಕಳ್ಳತನ ಮಾಡಿದವರು ನಿಮ್ಮಲ್ಲಿ ಬೇರೆ ಯಾರಾದರೂ ಇದ್ದೀರಾ?

ಈಗ ಅಸಲು ಸಂಕಟಕ್ಕೆ ಬರುತ್ತೇನೆ. ಇನ್ನೊಂದು ವರ್ಷಕ್ಕೆ ಬರುತ್ತೀರಾ, ಶುಕ್ರವಾರದೊಳಗೆ ಹೇಳಿ ಎಂದು ಅಲ್ಲಿನ ಶಾಲೆಯಿಂದ ಮೇಲ್ ಬಂದಿತ್ತು. ಅಕ್ಕನಿಗೆ ಅದು ಗೊತ್ತು. ಅವಳು ಆಗಲೇ ಶಿರಾದ ಒಂದು ಸ್ಕೂಲಿನಲ್ಲಿ ನನಗೆ ಕೆಲಸ ಗೊತ್ತು ಮಾಡಿದ್ದಳು.

“ಎಡ್ಮಾಸ್ಟ್ರು ಹತ್ರ ಮಾತಾಡಿವ್ನಿ. ಸಾಕು ಬುಡು, ಇನ್ ಹೋಗ್ಬ್ಯಾಡ. ಅಲ್ಲಿ ಮೈ ಬಿಸಿಯಾದ್ರೆ ಹಣೆ ಮುಟ್ಟಿ ನೋಡೋರು ಯಾರವ್ರೆ ನಿಂಗೆ?”

ಎದುರು ಆಡುವಂತಿರಲಿಲ್ಲ. ಅಲ್ಲಿದ್ದಾಗ ನಾನು ಹಂಬಲಿಸಿದ್ದೆಲ್ಲ ಇದನ್ನೇ ತಾನೆ? ಮುಸುಕಿನ ಜೋಳದ ಹಿಟ್ಟನ್ನು ಉಂಡೆ ಕಟ್ಟಿ, ಕಣ್ಣು ಮುಚ್ಚಿ, ಮುದ್ದೆಯೆಂದು ನುಂಗಿದ ಭಾನುವಾರಗಳೆಷ್ಟೋ. “ಲೇ” ಎಂದು ಕರೆಯುವವರಿಲ್ಲದೆ, ನನ್ನನ್ನು ನಾನೇ “ಲೇ, ಏಳೇ, ಸ್ಕೂಲಿಗೆ ಹೊತ್ತಾಯ್ತು” ಎಂದು ಎಬ್ಬಿಸಿಕೊಂಡದ್ದೂ ಉಂಟು. ಇಲ್ಲಿಗೆ ಬಂದ ಮೊದಲ ವಾರ ಮುದ್ದೆ, ಅವರೆಕಾಳು ಸಾರು, ಅಕ್ಕನ ಬೈಗುಳ. ಸ್ವರ್ಗ.

ಎರಡನೆಯ ವಾರ ಕಾಯಿಲೆ ಶುರುವಾಯಿತು. ಸಂಜೆಯಾದರೆ ಕಿವಿ ಏನನ್ನೋ ಕಾಯುತ್ತದೆ. ಏನನ್ನು? ಆ ಬೀದಿಯಲ್ಲಿ ಬೇಯಿಸಿದ ಗೆಣಸು ಮಾರುವ ಗಾಡಿಯವನ ಸೀಟಿಯನ್ನು. ರೈಲು ಕೂಗಿದ ಹಾಗೆ ಉದ್ದಕ್ಕೆ, ಯಾರನ್ನೋ ಬಿಟ್ಟು ಹೊರಟ ಹಾಗೆ ಕೂಗುತ್ತದೆ ಅದು. ಅಲ್ಲಿದ್ದಾಗ ತಲೆನೋವೆಂದು ಕಿಟಕಿ ಮುಚ್ಚುತ್ತಿದ್ದೆ. ಮೊನ್ನೆ ಮದಲೂರಿಗೆ ಹೋಗುವಾಗ ಹೊಲದ ಬದುವಿನಲ್ಲಿ ಬೇಲಿಗೆ ಹಾಕಿದ ಪಾಪಾಸುಕಳ್ಳಿ ಕಂಡಿತು. ಲೂಪೆಯಮ್ಮ ಅದರ ಮುಳ್ಳು ತೆಗೆದು, ಈರುಳ್ಳಿ ಹಾಕಿ ಹುರಿಯುತ್ತಾಳೆ. ನನ್ನ ಬಾಯಲ್ಲಿ ನೀರು! ಬೇಲಿ ನೋಡಿ ಹಸಿವಾದ ಮೊದಲ ಹೆಂಗಸು ಈ ತಾಲ್ಲೂಕಿನಲ್ಲಿ ನಾನೇ ಇರಬೇಕು. ಇದನ್ನೆಲ್ಲ ಅಕ್ಕನಿಗೆ ಹೇಳುವುದು ಹೇಗೆ? ಅವಳ ಕೈಯ ಮುದ್ದೆ ತಿನ್ನುತ್ತಾ ಬೇರೆಯವರ ಬೇಲಿಗೆ ಹಂಬಲಿಸುತ್ತಿದ್ದೇನೆ ಎನ್ನಲೇ?

ಹೇಳಲಿಲ್ಲ. ಉಳಿಯುತ್ತೇನೆ ಎಂದೇ ಮನಸ್ಸು ಗಟ್ಟಿ ಮಾಡಿದ್ದೆ. ಸೋಮವಾರ ಈ ಬಟ್ಟಲು ಸಿಗುವ ತನಕ.

ಪಾಯಸ, ಟ್ಯಾಕ್ಸಿ, ಸ್ವೆಟರ್, ಎಲ್ಲ ಹೇಳಿ ಮುಗಿಸಿದೆ. ನಗುತ್ತಾಳೆಂದುಕೊಂಡಿದ್ದೆ. ಅಕ್ಕ ನಗಲಿಲ್ಲ.

“ಹೊರಡೋವಾಗ ಅವ್ಳು ಬಾಗ್ಲಲ್ಲಿ ಇದ್ಳಾ?”

“ಇದ್ಳು. ಟ್ಯಾಕ್ಸಿ ತಿರುಗೋವರ್ಗೂ ಕೈ ಬೀಸ್ತಾ ಇದ್ಳು.”

“ಬಟ್ಲು ಎಲ್ಲಿ ಅಂತ ಕೇಳ್ಲಿಲ್ವಾ?”

“ಇಲ್ಲ. ಕಳ್ಳಿ ಅಂದ್ಕೊಂಡಿರ್ತಾಳೇನೋ ಅಂತ ನಂಗೆ ಅದೇ ಯೋಚ್ನೆ.”

“ನಿನ್ ತಲೆ. ಕಣ್ಣೆದ್ರಿಗೇ ಬಟ್ಲು ಹೋಗ್ತಾ ಐತೆ, ಕೇಳ್ಲಿಲ್ಲ ಅಂದ್ರೆ ಏನರ್ಥ? ಹೆಂಗೂ ಬತ್ತಾಳೆ ಅಂತ ನಂಬ್ಕೊಂಡವ್ಳೆ ಕಣೆ ಆಯಮ್ಮ.”

ಹೇಳಿದ ಮೇಲೆ, ತಾನು ಯಾರ ಪರ ವಾದಿಸಿದೆನೆಂದು ಅಕ್ಕನಿಗೆ ಹೊಳೆದದ್ದು ಮುಖದಲ್ಲೇ ಕಂಡಿತು. ನಾನು ಗಡಿಬಿಡಿಯಲ್ಲಿ, “ಕೊರಿಯರ್ ಮಾಡ್ಬುಡ್ತೀನಿ ಬಿಡಕ್ಕ” ಎಂದೆ.

“ಕೊರಿಯರ್‌ನೋನು ಬಾಗ್ಲಲ್ಲಿ ನಿಂತು ಅವ್ಳ ಮಂಡಿ ನೋವು ಹೆಂಗೈತೆ ಅಂತ ಕೇಳ್ತಾನಾ?”

ಉತ್ತರಕ್ಕೂ ಕಾಯದೆ ಬಟ್ಟಲನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು. ಮಾರನೆಯ ದಿನ ಶಿರಾದ ಎಡ್ಮಾಸ್ಟ್ರ ಫೋನ್ ಬಂದಾಗ ಅಕ್ಕ ತೆಗೆಯಲಿಲ್ಲ.

ಗುರುವಾರ ಬೆಳಗ್ಗೆ ಅಡುಗೆಮನೆಯಿಂದ ಅಕ್ಕಿ ಹುರಿಯುವ ಘಮ. ಹುರಿಗಡಲೆ, ಕೊಬ್ಬರಿ, ಬೆಲ್ಲ. ತಂಬಿಟ್ಟು! ಹಬ್ಬವಿಲ್ಲ, ಹರಿದಿನವಿಲ್ಲ. ಒಲೆಯ ಮುಂದೆ ಕುಳಿತ ಅಕ್ಕ ನನ್ನ ಕಡೆ ತಿರುಗದೆಯೇ, “ಇದು ಅಲ್ಲೀಗಂಟ ಕೆಡಾಕಿಲ್ಲ ತಾನೆ?” ಎಂದಳು.

“ಕೆಡಲ್ಲ ಕಣಕ್ಕ” ಎಂದು ಪಕ್ಕದಲ್ಲಿ ಕುಳಿತು ಬೆಲ್ಲ ಕುಟ್ಟತೊಡಗಿದೆ. (ಬೆಲ್ಲ ಕುಟ್ಟುತ್ತಿದ್ದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಏರ್‌ಪೋರ್ಟಿನಲ್ಲಿ ಹಿಡಿದು ಕೇಳಿದರೆ ತಂಬಿಟ್ಟಿಗೆ ಸ್ಪ್ಯಾನಿಶ್‌ನಲ್ಲಿ ಏನೆನ್ನಲಿ ಎಂದು ಆಗಲೇ ಚಿಂತೆ.)

“ಎಡ್ಮಾಸ್ಟ್ರಿಗೆ ಏನ್ ಹೇಳ್ತೀಯ?”

“ನನ್ ತಂಗೀಗೆ ಪಕ್ಕದ್ಮನೇಲಿ ಕೆಲ್ಸ ಐತೆ ಅಂತೀನಿ.”

ಉಂಡೆ ಕಟ್ಟಿದಳು. ಬಟ್ಟಲಿಗೆ ಹಾಕುತ್ತಾಳೆಂದುಕೊಂಡರೆ, ಮಣ್ಣಿನದು ದಾರಿಯಲ್ಲಿ ಒಡೆದೀತೆಂದು ತನ್ನದೇ ಸ್ಟೀಲ್ ಡಬ್ಬಿ ತಂದಳು. ಅವಳ ಮದುವೆಗೆ ಅವ್ವ ಕೊಟ್ಟ ಡಬ್ಬಿ. ಅದನ್ನು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ತುಂಬಿ, ಮುಚ್ಚಳ ಒತ್ತಿ, ನನ್ನ ಕೈಯಲ್ಲಿಟ್ಟಳು.

“ಅಲ್ಲಿ ಹೋಗಿ ಆಯಮ್ಮನ ಬಟ್ಲಿಗೆ ಹಾಕ್ಕೊಡು. ನನ್ ಡಬ್ಬಿ ನಂಗೆ ವಾಪಸ್ ಬೇಕು. ಬರಿದು ತರ್ಬ್ಯಾಡ.”

ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಬಿಸಿಗೆ ಎಂದು ಅವಳೂ ಹೇಳಿದಳು, ನಾನೂ ನಂಬಿದೆ.

ಶುಕ್ರವಾರ ಮೇಲ್ ಕಳಿಸಿದೆ: ಬರುತ್ತೇನೆ. ಯಾರ ಮನೆಗೂ ಪಾತ್ರೆ ವಾಪಸು ಕೊಡುವ ಬಾಕಿಯಿಲ್ಲದವರು, ಪಾಪ, ಯಾವ ನೆಪ ಹೇಳಿ ಊರಿಗೆ ಬರುತ್ತಾರೋ?