ಉಗುರಿಗೆ ಸಿಗದ ಪೊರೆ

ಕಸ್ಟಮ್ಸ್ ಗೋದಾಮಿನಲ್ಲಿ ಎಲ್ಲರೂ ಅವನನ್ನು ಉಗುರಪ್ಪ ಅಂತಲೇ ಕರೆಯುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರನ್ನು ಇಪ್ಪತ್ತೆರಡು ವರ್ಷದಿಂದ ಉದ್ದ ಬಿಟ್ಟಿದ್ದ. ಶೋಕಿಗಲ್ಲ. ಹೊರದೇಶದಿಂದ ಬಂದ ಚೀಲವೋ ಕೇಸೋ, ಏನೇ ಇರಲಿ, ಮೈಮೇಲೆ ಒಮ್ಮೆ ಗೀರಿ ನೋಡುತ್ತಿದ್ದ. ಎಳೆ ಸಿಕ್ಕರೆ ಬಟ್ಟೆ, ಜಾರಿದರೆ ಪ್ಲಾಸ್ಟಿಕ್. ಬಟ್ಟೆಗೊಂದು ಸುಂಕ, ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಹೆಚ್ಚು. ಒಳಗೆ ರೇಷ್ಮೆ ಇರಲಿ, ಗೋಣಿತಾಟು ಇರಲಿ, ಕಾನೂನಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಹೊರಮೈ ಮಾತ್ರ. ನಾವು ಮನುಷ್ಯರನ್ನು ಅಳೆಯುವುದೂ ಹಾಗೆಯೇ. ಕಾನೂನನ್ನೊಂದೇ ಬೈದು ಏನು ಬಂತು?

ಕಸ್ಟಮ್ಸಿನಿಂದ ಮಾಲು ಬಿಡಿಸಿಕೊಡುವ ಅಕ್ಕನ ಗಂಡನ ಏಜೆನ್ಸಿಯಲ್ಲಿ ಘೋಷಣಾಪತ್ರ ಬರೆಯುವುದು ಅವನ ಕೆಲಸ. ಅದಕ್ಕೆ ಸರ್ಕಾರ ಕೊಟ್ಟ ಕಾರ್ಡು ಕೊರಳಲ್ಲಿ ತೂಗುತ್ತಿತ್ತು. ಸುಳ್ಳು ಬರೆದದ್ದು ಸಾಬೀತಾದರೆ ಕಾರ್ಡು ಜೀವಮಾನಕ್ಕೆ ರದ್ದು. ಬೇರೆ ಕಸುಬು ಅವನಿಗೆ ಬಾರದು.

ಆ ಬೆಳಿಗ್ಗೆ ತಪಾಸಣೆಯ ಮೇಜಿನ ಮೇಲೆ, ರಕ್ತದೊತ್ತಡದ ಯಂತ್ರ ಇಡುವ ಆರುನೂರು ಕೇಸುಗಳ ಪೈಕಿ ಮೂರು ಕೂತಿದ್ದವು. ಪತ್ರದಲ್ಲಿ ‘ಹೊರಮೈ: ಬಟ್ಟೆ’ ಎಂದು ಬರೆದವನು ಅವನೇ. ಅಧಿಕಾರಿ ಮೇಡಂ ಇನ್ನೂ ಬಂದಿರಲಿಲ್ಲ. ರೂಢಿಯಂತೆ ಒಂದರ ಮೇಲೆ ಗೀರಿದ. ಉಗುರು ಜಾರಿತು.

ಇನ್ನೊಮ್ಮೆ ಗೀರಿದ. ಮತ್ತೆ ಜಾರಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೈತುಂಬ ತೆಳ್ಳನೆಯ ಹೊಳಪು, ಎಣ್ಣೆ ಸವರಿದ ಹಾಗೆ. ಪ್ಲಾಸ್ಟಿಕ್ ಪೊರೆ. ಉಗುರಪ್ಪ ಪಕ್ಕದಲ್ಲಿ ನಿಂತಿದ್ದ ಭಾವನತ್ತ ತಿರುಗಿದ.

“ಭಾವ, ನಾನು ನೋಡಿದ್ದು ಹೀಗಿರ್ಲಿಲ್ಲ.”

“ಅದೇ ಕಂಪನಿ, ಅದೇ ನಂಬರು. ನೀನು ನೋಡಿದ್ದು ಎಲ್ಲಿದೆ?”

ಅವನ ಹೆಗಲಲ್ಲೇ ಇತ್ತು. ಎರಡು ತಿಂಗಳ ಹಿಂದೆ ಬಂದ ಮಾದರಿ ಕೇಸಿಗೆ ಊಟದ ಡಬ್ಬಿ ಸರಿಯಾಗಿ ಕೂರುತ್ತದೆಂದು ದಿನಾ ಅದರಲ್ಲೇ ತರುತ್ತಿದ್ದ. ಬಸ್ಸಿನಲ್ಲಿ ಜನರ ಮೈಗೆ ಉಜ್ಜಿ, ಜಿಡ್ಡಾದಾಗಲೆಲ್ಲ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ಪೊರೆ ಸವೆದು ಹೋಗಿತ್ತು. ಹೋದ ವಾರ ಪತ್ರ ಬರೆಯುವಾಗ ಅದನ್ನೇ ಗೀರಿ ನೋಡಿದ್ದ. ಎಳೆ ಸಿಕ್ಕಿತ್ತು.

“ನಿನ್ನ ಬುತ್ತಿಗಂಟು ಕೆರ್ಕೊಂಡು ಸರ್ಕಾರಕ್ಕೆ ಬರ್ದು ಕೊಟ್ಯಾ, ಮಹಾನುಭಾವ!” ಭಾವ ಹಲ್ಲು ಕಡಿದರು. ಆಮೇಲೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು: “ನಿನ್ನ ಕೇಸು ಮೇಜಿನ ಮೇಲಿಡು. ಹೊಸದೊಂದು ಹೆಗಲಿಗೆ ಹಾಕ್ಕೋ. ಬೇಗ!”

ಉಗುರಪ್ಪ ಡಬ್ಬಿಯನ್ನು ಹೊರಗೆಳೆದ. ಓಣಿಯಲ್ಲಿ ಚಪ್ಪಲಿಯ ಸದ್ದು. ಹಳೆ ಕೇಸು ಕೈಯಲ್ಲಿರುವಾಗಲೇ ಮೇಡಂ ಒಳಗೆ ಬಂದು ಕೂತು, ಡ್ರಾಯರಿನಿಂದ ಮೊಹರು ತೆಗೆದರು.

“ಏನಂತೆ ಉಗುರು? ನೀವು ಬಟ್ಟೆ ಅಂದ್ಮೇಲೆ ಬಟ್ಟೆನೇ ಬಿಡಿ. ನಂಗೆ ಗೀರೋದು ಕಲ್ಸಿದ್ದೇ ನೀವು.”

ಕೇಸುಗಳತ್ತ ಅವರು ಕಣ್ಣೂ ಹಾಯಿಸಲಿಲ್ಲ. ಮೊಹರನ್ನು ಮಸಿಗೆ ಒತ್ತಿದರು. ಭಾವ ಉಸಿರು ಬಿಟ್ಟದ್ದು ಉಗುರಪ್ಪನ ಕಿವಿಗೆ ಬಿತ್ತು. ಸುಮ್ಮನಿದ್ದರೆ ಮುಗಿಯಿತು. ಕದಿಯುವುದೂ ಬೇಡ, ಬದಲಿಸುವುದೂ ಬೇಡ. ಮೊಹರು ಮೇಲೆದ್ದಿತು.

“ಒತ್ಬೇಡಿ ಮೇಡಂ. ಮೇಜಿನ ಮೇಲಿರೋದು ಪ್ಲಾಸ್ಟಿಕ್ಕು. ನಾನು ಗೀರಿ ಬರ್ದಿದ್ದು ಈ ಹಳೇದನ್ನ.”

ಭಾವನ ಮುಖ ಹುಳಿ ತಿಂದಂತಾಯಿತು. ಮೇಡಂ ಹೊಸ ಕೇಸು ಗೀರಿದರು, ಹಳೆಯದನ್ನು ಗೀರಿದರು, ಮೂಸಿಯೂ ನೋಡಿದರು. ನಗಲಿಲ್ಲ.

“ಮೊಹರು ಬಿದ್ದಿದ್ರೆ ಇದು ಸುಳ್ಳು. ಬೀಳೋಕೆ ಮುಂಚೆ ಹೇಳಿದ್ರಿ, ಅದಕ್ಕೇ ಇದು ಬರೀ ತಪ್ಪು. ಮೂರು ತಿಂಗಳು ಕಾರ್ಡು ನನ್ನ ಹತ್ರ ಇರುತ್ತೆ. ಈ ಹಳೇ ಕೇಸೂ ಫೈಲಿಗೆ ಬೇಕು.”

“ಮೂರು ತಿಂಗಳು ಮನೇಲಿ ಕೂತ್ಕೊಂಡು ನಿಮ್ಮಕ್ಕನ ಬೈಗುಳ ತಿನ್ನು. ನನ್ನ ಪಾಲಿಂದೂ ನಿಂಗೇ,” ಎಂದರು ಭಾವ.

ಮೇಡಂ ಖಾಲಿ ಹಾಳೆಯೊಂದನ್ನು ಅವನತ್ತ ತಳ್ಳಿದರು. “ಮೊದ್ಲು ಸರಿಯಾಗಿ ಬರೀರಿ. ಆಮೇಲೆ ಕಾರ್ಡು ಬಿಚ್ಚಿ.”

ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಉಗುರಪ್ಪ ಊಟದ ಡಬ್ಬಿಯನ್ನು ಅದರ ಮೇಲಿಟ್ಟ. ‘ಹೊರಮೈ: ಪ್ಲಾಸ್ಟಿಕ್’ ಎಂದು ಬರೆದ. ಅಕ್ಷರ ಸೊಟ್ಟಗೆ ಬಂತು, ಆದರೂ ಓದಬಹುದಿತ್ತು.