ಗೆರೆ ಕಾಯುವ ಅಕ್ಕ

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಾನು ಒಬ್ಬ ಹೆಂಗಸಿನ ಮೇಲೆ ಹರಿಹಾಯ್ದು ಇಪ್ಪತ್ತು ದಿನವಾಯಿತು. ಮಗಳು ನೆಟ್ಟಗೆ ನಡೆಯುವುದನ್ನು ಕಂಡಾಗಲೆಲ್ಲ ಅದೇ ಚುಚ್ಚುತ್ತದೆ.

ಒಂಬತ್ತು ವರ್ಷದ ಅವಳ ಬೆನ್ನು ಸೊಟ್ಟಗಿತ್ತು. ಸರಳು ಕೂರಿಸಿ ಸರಿಮಾಡುವಾಗ ಬೆನ್ನುಹುರಿಗೆ ಪೆಟ್ಟಾದರೆ ಕಾಲೇ ಹೋಗಬಹುದು. ಅದಕ್ಕೇ ಬೆನ್ನುಹುರಿಗೆ ತಾಗಿದಂತೆಯೂ ಎರಡೂ ಕಾಲಿಗೂ ಸಣ್ಣ ಎಲೆಕ್ಟ್ರೋಡ್ ವೈರುಗಳನ್ನಿಟ್ಟು, ನರದ ಸಂಕೇತಗಳನ್ನು ಪರದೆಯ ಮೇಲೆ ಗೆರೆಗಳಾಗಿ ನೋಡುತ್ತಾ ಕೂರಲು ಒಬ್ಬರಿರುತ್ತಾರೆ. ಮಗಳು ಅವರಿಗೆ ‘ಗೆರೆ ಅಕ್ಕ’ ಎಂದು ಹೆಸರಿಟ್ಟಳು. ಆಪರೇಷನ್ನಿನ ಹಿಂದಿನ ದಿನವೇ ಅವರು ಬಂದು ಅವಳ ಅಂಗಾಲಿಗೆ ಕಚಗುಳಿ ಇಟ್ಟರು.

“ನಾಳೆ ನಿನ್ ಜೊತೆ ನಂದೂ ಉಪವಾಸ ಕಣೇ. ನೀರೂ ಕುಡಿಯಲ್ಲ.”

“ನಿಮಗೂ ಆಪರೇಷನ್ನಾ?”

“ಅಯ್ಯೋ ಇಲ್ಲ! ಮಧ್ಯೆ ನಾನು ಬಾತ್‌ರೂಮಿಗೆ ಎದ್ದು ಹೋದ್ರೆ ನಿನ್ ಗೆರೆ ನೋಡೋರ್ಯಾರು?”

ಗೆರೆ ಅಕ್ಕ ತಮ್ಮ ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ತಂತಿ ಬೆಸೆಯುತ್ತಾ ಬೆಳೆದವರಂತೆ. ಈ ಕೆಲಸಕ್ಕೆ ಬಂದು ಹದಿನೇಳು ವರ್ಷ.

ಮೂರು ಗಂಟೆ ಹಿಡಿಯುತ್ತದೆ ಎಂದಿದ್ದ ಆಪರೇಷನ್ ನಾಲ್ಕೂವರೆ ಗಂಟೆಯಾಯಿತು. “ಆ ಮಷೀನಮ್ಮ ನಡುವೆ ಆಪರೇಷನ್ನೇ ನಿಲ್ಲಿಸ್ಬಿಟ್ರಂತೆ” ಎಂದು ಆಯಾ ಅಂದದ್ದೇ ತಡ, ಹೊರಬಂದ ಗೆರೆ ಅಕ್ಕನನ್ನು ಅಡ್ಡಗಟ್ಟಿದೆ. “ನಿಮ್ ಮಷೀನ್ ಕೆಟ್ಟಿದ್ರೆ ನನ್ ಮಗಳೇ ಬೇಕಿತ್ತಾ ನಿಮ್ಗೆ?” ಅವರು ಮಾಸ್ಕ್ ಇಳಿಸಿ, “ಎರಡೂ ಕಾಲು ಆಡಿಸಿದ್ಲು, ಹೋಗಿ ನೋಡಿ” ಎಂದಷ್ಟೇ ಹೇಳಿ, ಬಾಟಲಿ ಎತ್ತಿ ಗಟಗಟ ನೀರು ಕುಡಿದರು.

ನಾಲ್ಕನೇ ದಿನ ಸರ್ಜನ್ ನಗುತ್ತಾ ನಿಜ ಹೇಳಿದರು. ಸರಳು ಎಳೆಯುತ್ತಿದ್ದಾಗ ಎಡಗಾಲಿನ ಗೆರೆ ಕುಗ್ಗಿತಂತೆ. “ವೈರ್ ಸಡಿಲ ಇರ್ಬೇಕು, ನೋಡಮ್ಮ ಅಂದೆ. ‘ವೈರ್ ಆಮೇಲೆ ನೋಡ್ತೀನಿ ಸರ್, ಮೊದ್ಲು ಕೈ ತೆಗೀರಿ’ ಅಂತ ನನ್ನನ್ನೇ ಗದರಿದ್ರು!” ಹಿಂದೊಮ್ಮೆ ಗೆರೆ ಅಕ್ಕ ವೈರನ್ನೇ ಮೊದಲು ತಡಕಿ ಎರಡು ನಿಮಿಷ ಕಳೆದದ್ದಕ್ಕೆ, ಒಬ್ಬ ರೋಗಿಗೆ ಪಾದ ಎತ್ತಲು ತಿಂಗಳುಗಳೇ ಹಿಡಿದವಂತೆ. ಅಂದಿನಿಂದ ಅವರದು ಇದೇ ಕ್ರಮ. ಸರಳು ಸಡಿಲಿಸಿ ಕಾದ ಮೇಲೆ ಗೆರೆ ಮತ್ತೆ ಎದ್ದಿತು. ನನ್ನ ಮಗಳ ಕಾಲಿಗಾಗಿ ಬಾಯಾರಿ ಕೂತವರಿಗೆ ನಾನು ಕೊಟ್ಟದ್ದು ಆ ಮಾತು.

ಇವತ್ತು ಮಗಳು ಮಹಡಿ ಮೆಟ್ಟಿಲು ಹತ್ತಿದಳು. ಆಸ್ಪತ್ರೆಯಿಂದ ಈಸಿಕೊಂಡಿದ್ದ ಗೆರೆ ಅಕ್ಕನ ನಂಬರನ್ನು ಮೂರು ಸಲ ಒತ್ತಿ ಮೂರು ಸಲವೂ ಕಟ್ ಮಾಡಿದ್ದವಳು, ಈ ಸಲ ಕಟ್ ಮಾಡಲಿಲ್ಲ.

“ಅಕ್ಕಾ, ನಾನು... ಅವತ್ತು ಬಾಗಿಲಲ್ಲಿ ಬೈದಿದ್ನಲ್ಲ...”

“ಬೈಯೋರು ತುಂಬಾ ಜನ ಇದ್ದಾರಮ್ಮ. ನಿಮ್ದು ಯಾವ ಬೈಗುಳ?”

ಹೇಳಿದೆ. ತಪ್ಪಾಯ್ತು ಅಂದೆ, ಅವಳ ಕಾಲು ನಿಮ್ಮಿಂದ ಉಳೀತು ಅಂದೆ, ಮೂಗೊರೆಸುತ್ತಾ ಇನ್ನೂ ಏನೇನೋ ಅಂದೆ.

“ಎಡಗಾಲು ಹೇಗಿದೆ?”

“ಮೆಟ್ಲು ಹತ್ತಿದ್ಲು.”

“ಹಾಗಾದ್ರೆ ನೀವು ಸುಮ್ನಿರಿ. ಫೋನ್ ಅವಳಿಗೆ ಕೊಡಿ.”