ಸೋಸಿದ ಟೀ

ಟೀ ಎಲೆ ನೋಡಿ ಭವಿಷ್ಯ ಹೇಳುವ ಹುಚ್ಚು ನನಗೆ ಹತ್ತಿದ್ದು ಆಸ್ಟಿನ್‌ನಲ್ಲಿ. ನಾನು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಕೆಲಸ ಮಾಡುವವಳು. ನನ್ನ ಗೆಳತಿಯ ಮನೆ ಹ್ಯೂಸ್ಟನ್ ಕಡೆಯ ಪೇರ್‌ಲ್ಯಾಂಡ್‌ನಲ್ಲಿ. ವರ್ಷಕ್ಕೊಮ್ಮೆ ಗಂಡಂದಿರನ್ನು ಅವರ ಪಾಡಿಗೆ ಬಿಟ್ಟು ಇಬ್ಬರೂ ಆಸ್ಟಿನ್‌ನಲ್ಲಿ ಸೇರುತ್ತಿದ್ದೆವು. ಆ ಸಲ ಅವಳು ಇಡೀ ದಿನದ ಟೀ ವರ್ಕ್‌ಶಾಪ್ ಒಂದನ್ನು ಬುಕ್ ಮಾಡಿದ್ದಳು.

ಬೆಳಗ್ಗೆ ಜಪಾನಿ ಟೀ ವಿಧಿ. ಹಿರಿಯ ಜಪಾನಿ ಹೆಂಗಸೊಬ್ಬರು ಬಟ್ಟಲು ಒರೆಸಿದರು, ಚಮಚ ಒರೆಸಿದರು, ಮತ್ತೆ ಬಟ್ಟಲು ಒರೆಸಿದರು. ಮಂಡಿಯೂರಿ ಕೂತ ನನ್ನ ಕಾಲು ಜೋಮು ಹಿಡಿದಿತ್ತು. ಇಷ್ಟು ಹೊತ್ತಿಗೆ ನಾನಾಗಿದ್ದರೆ ಇಪ್ಪತ್ತು ಜನಕ್ಕೆ ಟೀ ಕೊಟ್ಟು ಪಾತ್ರೆಯನ್ನೂ ತೊಳೆದಿಡುತ್ತಿದ್ದೆ ಎಂದು ಗೆಳತಿಯ ಕಿವಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಬಟ್ಟಲನ್ನು ಅವರು ತೋರಿಸಿಕೊಟ್ಟಂತೆ ತಿರುಗಿಸಿ, ಹಸಿರು ಟೀಯನ್ನು ಕಣ್ಣು ಮುಚ್ಚಿ ಕುಡಿದಳು. ಅಷ್ಟರಲ್ಲಾಗಲೇ ಅವಳಿಗೆ ಎರಡು ಸಲ ಗರ್ಭಪಾತವಾಗಿತ್ತು. ಯಾರೂ ಏನೂ ಕೇಳದೆ ಸುಮ್ಮನೆ ಕೂರಿಸಿದ್ದೇ ಅವಳಿಗೆ ಹಿತವಾಗಿತ್ತೇನೋ.

ಮಧ್ಯಾಹ್ನದ ಪಾಠ ನನಗೆ ಹೇಳಿ ಮಾಡಿಸಿದಂತಿತ್ತು. ಸೋಸದ ಟೀ ಕುಡಿದು, ತಳದಲ್ಲಿ ಒಂದಿಷ್ಟು ಉಳಿಸಿ, ಕಪ್ಪನ್ನು ಮೂರು ಸುತ್ತು ತಿರುಗಿಸಿ ಸಾಸರಿನ ಮೇಲೆ ಬೋರಲು ಹಾಕಬೇಕು. ಒಳಗೆ ಅಂಟಿಕೊಂಡ ಎಲೆಗಳಲ್ಲಿ ಹಕ್ಕಿಯೋ ಹಡಗೋ ಕಾಣುತ್ತದಂತೆ. ನನಗೆ ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಆದರೆ ನನ್ನ ಬಾಯಿಗೇನು ಬರವೇ? ಆಮೇಲೆ ನಮ್ಮ ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಪ್ರತಿ ಪಾಟ್‌ಲಕ್‌ನಲ್ಲೂ ಆಂಟಿಯರು ಕಪ್ ಹಿಡಿದು ನನ್ನ ಮುಂದೆ ಕ್ಯೂ ನಿಂತರು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರಿಗೆ ಗ್ರೀನ್ ಕಾರ್ಡ್ ಬಂದಿಲ್ಲ ಎಂಬುದೆಲ್ಲ ನನಗೆ ಮೊದಲೇ ಗೊತ್ತಿರುತ್ತಿತ್ತು. ಅದನ್ನೇ ಎಲೆಯಲ್ಲಿ ಓದುತ್ತಿದ್ದೆ. ಧಾರವಾಡದ ಆಂಟಿಯೊಬ್ಬರು, "ಏನ್ ಕರೆಕ್ಟ್ ಹೇಳ್ತೀರಿ!" ಎಂದು ನನ್ನ ಕೈ ಹಿಡಿದುಕೊಂಡಾಗ ನಾಚಿಕೆಯಿಲ್ಲದೆ ಬೀಗಿದೆ.

ಗೆಳತಿ ಮಾತ್ರ ಎಂದೂ ನನ್ನ ಮುಂದೆ ಕಪ್ ಚಾಚಿರಲಿಲ್ಲ. ಮೂರನೆಯ ಸಲ ಬಸುರಾದಾಗ, ಹತ್ತನೆಯ ವಾರದ ಸ್ಕ್ಯಾನ್‌ನ ಹಿಂದಿನ ದಿನ ನನ್ನನ್ನು ಕರೆಸಿಕೊಂಡಳು. ನಾಲ್ಕು ಗಂಟೆ ಡ್ರೈವ್ ಮಾಡಿ ಹೋದೆ. ಬಾಗಿಲು ತೆಗೆದವಳೇ, "ನಂಗೂ ಒಂದ್ಸಲ ನೋಡೇ. ಈ ಮಗು ಉಳಿಯತ್ತಾ ಹೇಳು," ಅಂದಳು.

"ಅದೆಲ್ಲ ತಮಾಷೆ ಕಣೇ."

"ತಮಾಷೆನೇ ಇರ್ಲಿ. ಏನಾದ್ರೂ ಒಳ್ಳೇದು ಹೇಳು, ನಾಳೆವರೆಗೆ ಸಾಕು."

ಹೇಗೆ ಇಲ್ಲ ಎನ್ನಲಿ? ಪುಟ್ಟ ಪಾದ ಕಾಣುತ್ತಿದೆ ಎಂದು ಹೇಳಿಬಿಡೋಣವೆಂದುಕೊಂಡು ಅಡುಗೆಮನೆಗೆ ಹೋದೆ. ತಲೆ ಪೂರ್ತಿ ಆ ಸುಳ್ಳನ್ನು ಹೊಂದಿಸುವುದರಲ್ಲೇ ಇತ್ತು. ಕೈ ಇಷ್ಟು ವರ್ಷದ ರೂಢಿಯಂತೆ ಶುಂಠಿ ಜಜ್ಜಿತು, ಹಾಲು ಸುರಿಯಿತು, ಕುದಿ ಬಂದ ಮೇಲೆ ಜರಡಿ ಹಿಡಿದು ಕಪ್ಪಿಗೆ ಸೋಸಿತು.

ಅವಳು ಕುಡಿದು, ಮೂರು ಸುತ್ತು ತಿರುಗಿಸಿ ಬೋರಲು ಹಾಕಿದಳು. ಎತ್ತಿದಾಗ ಕಪ್ಪಿನೊಳಗೆ ಒಂದು ಎಲೆಯೂ ಇರಲಿಲ್ಲ.

"ಏನೂ ಇಲ್ಲ," ಅಂದಳು.

"ಅಯ್ಯೋ, ಅಭ್ಯಾಸ ಕಣೇ, ಸೋಸ್ಬಿಟ್ಟೆ! ಇರು, ಇನ್ನೊಂದ್ಸಲ ಮಾಡ್ತೀನಿ."

"ಬೇಡ ಬಿಡು." ಎದ್ದು ಹೋಗಿ ಕಪ್ ತೊಳೆದಿಟ್ಟಳು. ನನ್ನ ಕೈಯನ್ನು ನಾನೇ ಕಡಿದು ಹಾಕಬೇಕೆನ್ನುವಷ್ಟು ಸಿಟ್ಟು ಬಂತು.

ಮರುದಿನ ಸ್ಕ್ಯಾನ್‌ನಲ್ಲಿ ಎದೆಬಡಿತ ಕೇಳಲಿಲ್ಲ. ಅವಳ ಗಂಡ ಕಾರಿಡಾರ್‌ಗೆ ಬಂದು ಗೋಡೆ ನೋಡುತ್ತಾ ನಿಂತ. ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಾನು ಪಕ್ಕದಲ್ಲಿ ನಿಂತೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ವಾರ ಕಳೆದು ನಾನು ಹೊರಟಾಗ ಅವಳು ಕಾರಿನವರೆಗೂ ಬಂದಳು.

"ನಿಂಗೆ ಮೊದ್ಲೇ ಗೊತ್ತಾಗಿತ್ತು ಅಲ್ವಾ? ಹೇಳಕ್ಕಾಗ್ದೇ ಬೇಕೂಂತ್ಲೇ ಸೋಸಿದ್ದೆ. ಅದ್ರಿಂದ ನಾನು ಒಂದಿಷ್ಟು ಮನಸ್ಸು ಗಟ್ಟಿ ಮಾಡ್ಕೊಂಡೆ. ಥ್ಯಾಂಕ್ಸ್ ಕಣೇ."

ಇಲ್ಲವೆಂದರೆ ಅವಳು ಹಿಡಿದುಕೊಂಡಿದ್ದ ಆ ಒಂದು ಸಮಾಧಾನವನ್ನೂ ನಾನೇ ಕಿತ್ತುಕೊಂಡಂತಾಗುತ್ತಿತ್ತು. ಊರಿಗೆಲ್ಲ ಭವಿಷ್ಯ ಹೇಳಿದ ನಾನು ಕಾರಿನೊಳಗೆ ಕೂತು ಸೀಟ್ ಬೆಲ್ಟ್ ಹಾಕಿಕೊಂಡೆ. ಅವಳು ಕಿಟಕಿಗೆ ಬಾಗಿದಳು.

"ಮುಂದಿನ್ ಸಲ ಆದ್ರೂ ಉಳಿಯತ್ತಾ?"

"ಉಳಿಯತ್ತೆ," ಅಂದೆ.

ಅವಳು ನಂಬಿದಳು.